ಭಂಕೂರ ದಾರಿಯ ಎದುರುಗಾಳಿ

"ಈ ಮನಶ್ಯಾನ ಕೈಲೆ ಯಾರೂ ಚುಚ್ಚಿಸ್ಕೋಬ್ಯಾಡ್ರಿ…"

ಭಂಕೂರಿನ ಚಾವಡಿ ಮುಂದೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿಕೊಂಡಿದ್ದ ತಾಯಂದಿರು ತಿರುಗಿ ನೋಡಿದರು. ಮಾಣಿಕಪ್ಪನ ಕಿರಿಮಗಳು ಹೀರಾಬಾಯಿ ಏದುಸಿರು ಬಿಡುತ್ತ ನಿಂತಿದ್ದಳು. ಅವಳ ಕಣ್ಣು ಬೇವಿನ ಮರಕ್ಕೆ ಒರಗಿಸಿದ್ದ ಸೈಕಲ್ಲಿನ ಮೇಲಿತ್ತು. ಅದರ ಕ್ಯಾರಿಯರಿಗೆ ಕಟ್ಟಿದ್ದ ಬಿಳಿ ಬಣ್ಣದ ತಗಡಿನ ಪೆಟ್ಟಿಗೆಯ ಮೇಲಿತ್ತು.

ಅದೇ ಪೆಟ್ಟಿಗೆ… ಅದೇ ಖಾಕಿ ಕೋಟು!

ರಜಾಕಾರರ ಗದ್ದಲ ಮುಗಿದು, ಹೊಸ ಸರ್ಕಾರ ಬಂದು ನಾಲ್ಕೈದು ವರ್ಷವಾಗಿತ್ತು. ಶಹಾಬಾದಿನ ದವಾಖಾನೆಯಿಂದ ಊರೂರಿಗೆ ಸೈಕಲ್ ಮೇಲೆ ಹೋಗಿ ದೇವಿ ಹಾಕುವ ಕೆಲಸ ದೇವೀಂದ್ರಪ್ಪನದು. ಸಿಡುಬು ಬಾರದಿರಲೆಂದು ತೋಳಿಗೆ ಸೂಜಿ ಚುಚ್ಚುವುದಕ್ಕೆ ಈ ಕಡೆ ಜನ ಹಾಗೇ ಅನ್ನುತ್ತಾರೆ. ಅವನು ಕೈಯಲ್ಲಿದ್ದ ಸೂಜಿಯನ್ನು ಕೆಳಗಿಟ್ಟು, ತನ್ನ ಎದುರು ನಿಂತವಳನ್ನು ನೋಡಿದ. ಎಂದೂ ನೋಡಿರದ ಮುಖ. ಆದರೆ ಆ ಮುಖದಲ್ಲಿ ತನ್ನ ಮೇಲೆ ಎಷ್ಟು ಸಿಟ್ಟಿತ್ತು…

"ಆಷಾಢದಾಗ ಈ ದಾರಿಲೆ ಶಹಾಬಾದಕ್ಕ ಹೋಗಿದ್ರೋ ಇಲ್ಲೋ? ನಮ್ಮ ಬಂಡಿ ಗಾಲಿ ಹೂತು ನಿಂತಿತ್ತು. ಒಳಗ ನಮ್ಮಕ್ಕ ಹೆರಿಗಿ ನೋವಿಲೆ ಸಾಯ್ಲಿಕತ್ತಿದ್ಲು. ನಾ ನಿಮ್ಮ ಹಿಂದ ಓಡಿ ಓಡಿ ಒದರಿದೆ. ನೀವು ತಿರುಗಿ ಸೈತ ನೋಡಲಿಲ್ಲ."

ಆ ದಿನ ದೇವೀಂದ್ರಪ್ಪನಿಗೆ ನೆನಪಿತ್ತು. ಅಂಥ ಗಾಳಿಯಲ್ಲಿ ಸೈಕಲ್ ತುಳಿದದ್ದನ್ನು ಮರೆಯುವುದುಂಟೆ?

"ಆ ದಾರಿಲೆ ಹೋಗಿದ್ದು ಖರೆ," ಎಂದ ಮೆಲ್ಲಗೆ. "ಆದ್ರ ನಿಮ್ಮ ದನಿ ನಂಗ ಕೇಳಲಿಲ್ರಿ."

"ಕೇಳಲಿಲ್ಲ?" ಅವಳು ನಕ್ಕಳು. ಆ ನಗು ನೋಡಿ ಪಕ್ಕದಲ್ಲಿದ್ದ ಮಗುವೊಂದು ಅಳತೊಡಗಿತು. "ಕಣ್ಣಿಗಿ ಕಾಣೋ ದೂರದಾಗ ಇದ್ರಿ. ಕೇಳಿದ್ರೂ ಕೇಳದಂಗ ಹೋದ್ರಿ ಅನ್ರಿ."

ಒಬ್ಬೊಬ್ಬರೇ ಮಕ್ಕಳ ಕೈ ಹಿಡಿದು ಹೊರಟರು. ಹೀರಾಬಾಯಿಯ ನೆರೆಮನೆಯ ಖುರ್ಷಿದಬೇಗಂ ಕೂಡ ಮಗಳು ಚಾಂದಳ ತೋಳನ್ನು ಮುಚ್ಚಿ ಎತ್ತಿಕೊಂಡಳು. ನಲವತ್ತೆಂಟರ ಗದ್ದಲದಲ್ಲಿ ಮನೆಬಿಟ್ಟು ಹೋದ ಗಂಡ ಮತ್ತೆ ಬಂದಿರಲಿಲ್ಲ. ಚಾಂದಳೇ ಅವಳ ಲೋಕ. ಹೀರಾ ಬೇಡವೆಂದ ಮೇಲೆ ಬೇಡ.

ದೇವೀಂದ್ರಪ್ಪ ಖಾಲಿ ಚಾವಡಿಯಲ್ಲಿ ಪೆಟ್ಟಿಗೆ ಕಟ್ಟಿದ.

*

ಆ ಆಷಾಢದಲ್ಲಿ ಅಕ್ಕ ಯಂಕಮ್ಮ ತೌರಿಗೆ ಬಾಣಂತನಕ್ಕೆ ಬಂದಿದ್ದಳು. ಹೀರಾಬಾಯಿಗೆ ತಾಯಿ ಇರಲಿಲ್ಲ. ಜಡೆ ಹಾಕಿ, ತಲೆ ಒರೆಸಿ, ಬೈದು ಬೆಳೆಸಿದವಳು ಅಕ್ಕನೇ. ಕೂಸು ಅಡ್ಡ ತಿರುಗಿದೆ, ಶಹಾಬಾದಿಗೆ ಒಯ್ಯಿರಿ ಎಂದು ಸೂಲಗಿತ್ತಿ ಕೈಚೆಲ್ಲಿದಾಗ ಮಾಣಿಕಪ್ಪ ಬಂಡಿ ಹೂಡಿದ. ಮಳೆಗೆ ದಾರಿ ಕೆಸರಾಗಿತ್ತು. ಗಾಲಿ ಹೂತಿತು. ಅವನು ಗಾಲಿಗೆ ಹೆಗಲು ಕೊಟ್ಟ, ಹೀರಾ ದಾರಿಗುಂಟ ಓಡಿದಳು.

ಪಕ್ಕದ ಊರಿನ ಕಾಲುದಾರಿಯಿಂದ ಸೈಕಲ್ಲೊಂದು ರಸ್ತೆಗೆ ಇಳಿದದ್ದು ಆಗಲೇ.

ದೇವರೇ ಕಳಿಸಿದ ಅಂದುಕೊಂಡಳು. ಕೂಗಿದಳು. ಗಂಟಲು ಹರಿಯುವ ಹಾಗೆ ಕೂಗಿದಳು. ಆ ಖಾಕಿ ಬೆನ್ನು ಬಾಗಿಕೊಂಡು ಗಾಳಿಗೆ ಎದುರಾಗಿ ಹೋಗುತ್ತಲೇ ಇತ್ತು, ಸಣ್ಣದಾಗುತ್ತಲೇ ಇತ್ತು…

ಅವಳು ವಾಪಸು ಬಂದಾಗ ಬಂಡಿಯ ಹುಲ್ಲು ಕೆಂಪಾಗಿತ್ತು. ಯಂಕಮ್ಮ ತಂಗಿಯ ಕೈ ಹಿಡಿದುಕೊಂಡೇ ಹೋದಳು. ಕೂಸು ಹುಟ್ಟಲೇ ಇಲ್ಲ.

ಅಂದಿನಿಂದ ಹೀರಾಬಾಯಿಯ ಕಣ್ಣಲ್ಲಿ ಉಳಿದದ್ದು ಅಕ್ಕನ ಮುಖಕ್ಕಿಂತ ಹೆಚ್ಚಾಗಿ ಆ ಬೆನ್ನು.

*

ದೇವೀಂದ್ರಪ್ಪ ಮತ್ತೆ ಬಂದ. ಮತ್ತೆ ಮತ್ತೆ ಬಂದ. ಚಾವಡಿಯಲ್ಲಿ ಕೂತು ಕಾದು, ಯಾರೂ ಬಾರದಿದ್ದಾಗ ಮನೆಮನೆಗೆ ಹೋಗಿ ಕೇಳಿಕೊಂಡ. ಬಾಗಿಲು ತೆಗೆಯಲಿಲ್ಲ.

ಗಾಳಿ ಇದ್ದ ದಿನ ಅವನು ಸೈಕಲ್ ಹತ್ತದೆ ತಳ್ಳಿಕೊಂಡು ಬರುವುದನ್ನು ಹೀರಾ ಹೊಲದಿಂದ ನೋಡುತ್ತಿದ್ದಳು. ನಡುನಡುವೆ ನಿಂತು, ತಿರುಗಿ, ಖಾಲಿ ದಾರಿಯನ್ನು ನೋಡುತ್ತಿದ್ದ. ನಾಟಕ, ಅಂದುಕೊಂಡಳು. ಊರ ಕಣ್ಣಿಗೆ ಒಳ್ಳೆಯವನಾಗುವ ನಾಟಕ.

ಒಮ್ಮೆ ಬಾವಿಯ ಹತ್ತಿರ ಎದುರಾದ. ತಲೆ ತಗ್ಗಿಸಿ ಪಕ್ಕಕ್ಕೆ ಸರಿದು ನಿಂತ. ಆ ಮುಖದಲ್ಲಿ ನಿದ್ದೆಯಿಲ್ಲದ ಕಪ್ಪಿತ್ತು. ಒಂದು ಗಳಿಗೆ ಅವಳ ಎದೆ ಅಳುಕಿತು. ಹಾಗೆ ಅಳುಕಿದ್ದಕ್ಕೇ ಅವನ ಮೇಲೆ ಇನ್ನಷ್ಟು ಸಿಟ್ಟು ಬಂತು.

ಬೇಸಿಗೆ ಹತ್ತುವ ಹೊತ್ತಿಗೆ ವಾಡಿಯ ಕಡೆ ಸಿಡುಬು ಬಂದಿದೆಯೆಂಬ ಸುದ್ದಿ ಬಂತು. ಸುದ್ದಿಯ ಹಿಂದೆಯೇ ಬೇನೆಯೂ ಬಂತು. ಚಾಂದಳಿಗೆ ಜ್ವರ ಬಂತು, ಮೈತುಂಬ ಗುಳ್ಳೆ ಎದ್ದವು. ಖುರ್ಷಿದಬೇಗಂ ಬಾಗಿಲಿಗೆ ಬಂದು ನಿಂತಳು. ಹೀರಾಳನ್ನು ಸುಮ್ಮನೆ ನೋಡಿದಳು.

ಆ ನೋಟ ಹೀರಾಬಾಯಿಗೆ ಚಾವಡಿಯ ದಿನವನ್ನು ನೆನಪಿಸಿತು.

ನಾನೇ… ನಾನೇ ಬ್ಯಾಡ ಅಂದವಳು!

ಮಾಣಿಕಪ್ಪ ಕಲ್ಲಿನ ಗಣಿಗೆ ಕೆಲಸಕ್ಕೆ ಹೋಗಿದ್ದ. ಬಿಸಿಲಲ್ಲಿ ಅವಳೊಬ್ಬಳೇ ಶಹಾಬಾದಿಗೆ ನಡೆದಳು. ದವಾಖಾನೆಯ ಕಟ್ಟೆಯ ಮೇಲೆ ದೇವೀಂದ್ರಪ್ಪ ಕೂತಿದ್ದ. ಯಾರ ಹತ್ತಿರ ಎಂದೂ ಬೇಡದವಳು ಅವನೆದುರು ಕೈ ಜೋಡಿಸಿದಳು.

ಅವನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಸೈಕಲ್ಲಿನಿಂದ ಪೆಟ್ಟಿಗೆ ಬಿಚ್ಚಿ ಅವಳ ಕೈಗೆ ಕೊಟ್ಟು, ಕ್ಯಾರಿಯರಿನ ಮೇಲೆ ಕೂತರೆ ಜಲ್ದಿ ಮುಟ್ಟಬಹುದು ಎಂದ. ಪರಗಂಡಸಿನ ಸೈಕಲ್! ಊರು ಏನೆಂದೀತು? ಏನಾದರೂ ಅನ್ನಲಿ. ಅವಳು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

ಊರು ದಾಟಿದ ಮೇಲೆ ಬಯಲು. ಬಿಸಿಗಾಳಿ ಎದುರಿನಿಂದ ನುಗ್ಗಿತು. ದೇವೀಂದ್ರಪ್ಪ ಬಾಗಿ ತುಳಿಯತೊಡಗಿದ. ಮತ್ತೆ ಅದೇ ಖಾಕಿ ಬೆನ್ನು, ಈಗ ಒಂದು ಗೇಣು ದೂರದಲ್ಲಿ.

"ಹುಡುಗಿ ಉಳೀತಾಳೇನ್ರಿ?" ಎಂದು ಕೇಳಿದಳು.

ಅವನು ಉತ್ತರಿಸಲಿಲ್ಲ.

ಮತ್ತೆ ಕೇಳಿದಳು. ದನಿ ಎತ್ತಿ ಕೇಳಿದಳು. ಸಿಟ್ಟು ಉಕ್ಕಿತು. ಇವತ್ತೂ ಹಂಗೇ… ಇಷ್ಟು ಹತ್ತಿರ ಕುಂತರೂ… ಕಡೆಗೆ ಅಳುತ್ತ, ಅವನ ಬೆನ್ನಿಗೆ ಬಾಯಿ ತಾಗುವಷ್ಟು ಬಾಗಿ ಕೂಗಿದಳು.

ಬೆನ್ನು ಅಲುಗಲಿಲ್ಲ. ಅವನು ತುಳಿಯುತ್ತಲೇ ಇದ್ದ.

ಆಗ ಅವಳಿಗೆ ತನ್ನ ಕಿವಿಯಲ್ಲೂ ಏನಿದೆ ಎಂಬುದು ಅರಿವಿಗೆ ಬಂತು. ಗಾಳಿ. ಹೊಳೆ ತುಂಬಿ ಹರಿದ ಹಾಗೆ ಭೋರೆನ್ನುವ ಗಾಳಿ. ತನ್ನ ಅಳುವೇ ತನಗೆ ಕೇಳಿಸುತ್ತಿರಲಿಲ್ಲ.

ಯಾಕೋ ತಿರುಗಿ ನೋಡಿದಳು. ಫರ್ಶಿಕಲ್ಲು ಹೇರಿದ ಲಾರಿಯೊಂದು ಮೈಮೇಲೆಯೇ ಬಂದಿತ್ತು.

ಅವನ ಕೋಟು ಹಿಡಿದು ಇದ್ದ ಬಲವನ್ನೆಲ್ಲ ಹಾಕಿ ಪಕ್ಕಕ್ಕೆ ಎಳೆದಳು. ಸೈಕಲ್ಲು, ಪೆಟ್ಟಿಗೆ, ಇಬ್ಬರೂ ದಾರಿಬದಿಯ ತಗ್ಗಿಗೆ ಉರುಳಿದರು. ಲಾರಿ ಹಾರ್ನ್ ಹೊಡೆಯುತ್ತಲೇ ದಾಟಿತು. ಡ್ರೈವರ್ ಬೈದದ್ದು ಧೂಳಿನಲ್ಲಿ ಕೇಳಿಸಿತು. ಅವನು ಬಹಳ ಹೊತ್ತಿನಿಂದ ಹಾರ್ನ್ ಹೊಡೆಯುತ್ತಿದ್ದನಂತೆ.

ದೇವೀಂದ್ರಪ್ಪ ಮೊದಲು ಪೆಟ್ಟಿಗೆಯನ್ನು ತೆಗೆದು ನೋಡಿದ. ಔಷಧದ ಕೊಳವೆಗಳು ಒಡೆದಿರಲಿಲ್ಲ. ಆಮೇಲೆ ಅವಳ ಮೊಣಕೈಯ ರಕ್ತ ನೋಡಿ ಕಂಗಾಲಾದ.

"ನಾ ಹಿಂದ ಕುಂತು ಕೇಳಿದ್ದು… ನಿಮಗ ಕೇಳಲಿಲ್ಲೇನು?" ಎಂದಳು.

"ಯಾವಾಗ ಕೇಳಿದ್ರಿ?"

ಅವಳು ತಗ್ಗಿನಲ್ಲಿ ಹಾಗೇ ಕೂತುಬಿಟ್ಟಳು. ಇಷ್ಟು ದಿನ ಎದೆಯಲ್ಲಿ ಹೊತ್ತು ತಿರುಗಿದ ಬೆಂಕಿಗೆ ಈಗ ಜಾಗವೇ ಇಲ್ಲದಂತಾಯಿತು. ಯಾರನ್ನು ಸುಡಬೇಕು?

*

ಚಾಂದ್ ಉಳಿಯಲಿಲ್ಲ.

ಬೇನೆ ಬಂದ ಮೇಲೆ ಸೂಜಿಯಿಂದ ಉಪಯೋಗವಿಲ್ಲ, ಉಳಿದವರಿಗಾದರೂ ಹಾಕಿಸಿ ಎಂದು ದೇವೀಂದ್ರಪ್ಪ ಹೇಳಿದ. ಹೀರಾಬಾಯಿ ಎಲ್ಲರೆದುರು ಕುಪ್ಪಸದ ತೋಳೇರಿಸಿ ಮೊದಲು ತಾನೇ ಹಾಕಿಸಿಕೊಂಡಳು. ಆಮೇಲೆ ಅವನ ಜೊತೆ ಮನೆಮನೆಗೆ ಹೋಗಿ, ಆ ದಿನ ತಾನು ಆಡಿದ್ದು ತಪ್ಪು, ಅವರಿಗೆ ನಿಜವಾಗಿಯೂ ಕೇಳಿಸಿರಲಿಲ್ಲ ಎಂದು ಹೇಳಿದಳು. ಹೇಳಿದಷ್ಟು ಸಲವೂ ನಾಲಿಗೆ ಸುಟ್ಟಂತಾಯಿತು. ಬಾಗಿಲುಗಳು ತೆರೆದವು. ಆ ಬೇಸಿಗೆಯಲ್ಲಿ ಊರಲ್ಲಿ ಮತ್ತೂ ಇಬ್ಬರು ಹೋದರು, ಉಳಿದವರು ಉಳಿದರು.

ಖುರ್ಷಿದಬೇಗಂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಬದುಕಬಹುದಿತ್ತು. ಮಾತನ್ನೇ ಬಿಟ್ಟಳು.

ಒಂದು ಸಂಜೆ ಚಾವಡಿಯ ಕಟ್ಟೆಯ ಮೇಲೆ ಹೀರಾ ದೇವೀಂದ್ರಪ್ಪನನ್ನು ಕೇಳಿದಳು, ಈಗ ಗಾಳಿಯಲ್ಲಿ ಹೇಗೆ ಹೋಗುತ್ತೀರಿ ಎಂದು. ಅವನು ಹೇಳಿದ. ಅವಳು ಚಾವಡಿಯಲ್ಲಿ ಬೈದ ದಿನದಿಂದ ತನಗೆ ಅದೊಂದೇ ಯೋಚನೆಯಾಗಿದೆ. ಕಿವಿಗೆ ಹತ್ತಿ ತುರುಕಿ ನೋಡಿದ, ಗಾಳಿಯ ಜೊತೆ ಲೋಕವೇ ಕಿವುಡಾಯಿತು. ರುಮಾಲನ್ನು ಕಿವಿ ಮುಚ್ಚಿ ಸುತ್ತಿ ನೋಡಿದ, ಅದೂ ಹಾಗೇ. ಮುಖವನ್ನು ಸ್ವಲ್ಪ ಓರೆ ಮಾಡಿದರೆ ಭೋರೆನ್ನುವುದು ಕಡಿಮೆಯಾಗುತ್ತದೆ, ಆದರೆ ಓರೆ ನೋಡುತ್ತ ಎಷ್ಟು ದೂರ ತುಳಿಯಲಾದೀತು? ಅದಕ್ಕೇ ಇಳಿದು ನಡೆಯುತ್ತಾನೆ. ನಡೆದರೆ ಊರುಗಳಿಗೆ ತಡವಾಗುತ್ತದೆ. ತಡವಾದರೆ ಅಲ್ಲಿಯೂ ಯಾರದೋ ಮಗು…

ಅವನು ರುಮಾಲು ಬಿಚ್ಚಿ ತೊಡೆಯ ಮೇಲೆ ಮಡಚಿಟ್ಟ.

ಹಾಗಾದರೆ ಅದು ನಾಟಕವಾಗಿರಲಿಲ್ಲ. ಈ ಮನುಷ್ಯ ಪ್ರತಿ ಗಾಳಿಯಲ್ಲೂ ನಿಂತು, ನನ್ನಕ್ಕನ ಸಲುವಾಗಿ ಹಿಂದಿರುಗಿ ನೋಡುತ್ತಿದ್ದ…

"ಕಿವಿ ಮುಚ್ಚಬಾರದು," ಎಂದಳು ಯೋಚಿಸುತ್ತ. "ಕಿವಿ ಮುಂದ ಗಾಳಿ ಮುರೀಬೇಕು. ದೀಪಕ್ಕ ಕೈ ಅಡ್ಡ ಹಿಡದಂಗ."

ಕೌದಿ ಹೊಲಿಯುವ ಕೈ ಅವಳದು. ಮೊದಲು ಬಟ್ಟೆಯನ್ನು ಮಡಚಿ, ರುಮಾಲಿನ ಎರಡೂ ಬದಿಗೆ ಕಿವಿಯ ಮುಂದೆ ಬರುವಂತೆ ಹೊಲಿದಳು. ಅವನು ಸೈಕಲ್ ಹೊಡೆದು ಬಂದು ಇಲ್ಲವೆಂದು ತಲೆಯಾಡಿಸಿದ. ಬಟ್ಟೆಯೇ ಪಟಪಟ ಬಡಿಯುತ್ತದೆ. ರಟ್ಟು ಇಟ್ಟಳು, ಗಾಳಿ ಅದರ ಅಂಚಿಗೆ ತಾಗಿ ಸಿಳ್ಳೆ ಹಾಕಿತು. ಮತ್ತೆ ಬಿಚ್ಚಿದಳು, ಮತ್ತೆ ಹೊಲಿದಳು. ಅವರಿಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ತಾನು ಸೂಜಿಗೆ ದಾರ ಪೋಣಿಸುವಾಗ ಅವನ ಕಣ್ಣು ತನ್ನ ಬೆರಳ ಮೇಲೇ ಇರುತ್ತದೆಂದು ಅವಳಿಗೆ ಗೊತ್ತಿತ್ತು. ಅವಳು ತಲೆ ಎತ್ತುತ್ತಿರಲಿಲ್ಲ.

ಇದನ್ನೆಲ್ಲ ಖುರ್ಷಿದಬೇಗಂ ತನ್ನ ಹೊಸ್ತಿಲಿನಿಂದ ನೋಡುತ್ತಿದ್ದಳು. ಒಂದು ದಿನ ಎದ್ದು ಬಂದು, ಉಣ್ಣೆ ಸಮೇತ ಹದ ಮಾಡಿದ ಕುರಿತೊಗಲಿನ ತುಂಡೊಂದನ್ನು ಹೀರಾಳ ಮಡಿಲಿಗೆ ಹಾಕಿದಳು.

"ಇದನ್ನ ಹಚ್ಚಿ ನೋಡು ಬೇಟಿ. ಉಣ್ಣಿ ಗಾಳಿ ಕುಡೀತದ."

ಚಾಂದ್ ಹೋದ ಮೇಲೆ ಅವಳಾಡಿದ ಮೊದಲ ಮಾತು ಅದು. ಹೀರಾಬಾಯಿ ಅವಳ ಕಾಲು ಹಿಡಿಯಲು ಬಾಗಿದಳು. ಖುರ್ಷಿದಬೇಗಂ ಹಿಂದೆ ಸರಿಯಲಿಲ್ಲ, ಎತ್ತಿ ಅಪ್ಪಿಕೊಳ್ಳಲೂ ಇಲ್ಲ. ಅವಳು ಏಳುವವರೆಗೆ ನಿಂತಿದ್ದು, ಮನೆಗೆ ಹೋದಳು.

ಮತ್ತೆ ಆಷಾಢ ಬಂದಿತ್ತು. ಬೆರಳುದ್ದದ ಉಣ್ಣೆಯ ಎರಡು ಪಟ್ಟಿಗಳನ್ನು ರುಮಾಲಿಗೆ ಹೊಲಿದು, ಕಿವಿಯ ಮುಂದೆ ಸರಿಯಾಗಿ ಕೂರುವಂತೆ ಗಲ್ಲದ ಕೆಳಗೆ ದಾರ ಕಟ್ಟಿದಳು. ಕಿವಿ ತೆರೆದೇ ಇತ್ತು. ದೇವೀಂದ್ರಪ್ಪ ಗಾಳಿಗೆ ಎದುರಾಗಿ ಹೊರಟ. ಯಾವಾಗ ಕೂಗುವೆನೆಂದು ಹೇಳಬಾರದು, ಹೇಳಿದರೆ ಕಿವಿ ಕಾಯುತ್ತದೆ ಎಂದು ಅವಳೇ ಕಟ್ಟಳೆ ಮಾಡಿದ್ದಳು.

ದಾರಿಯ ನಡುವೆ ನಿಂತಳು. ಏನೆಂದು ಕೂಗಲಿ? ಅವನ ಹೆಸರು ಬಾಯಿಗೆ ಬರಲಿಲ್ಲ. ಬಂದದ್ದು ಬೇರೆಯೇ.

"ಯಂಕಮ್ಮಾ…"

ಸೈಕಲ್ ನಿಂತಿತು.

ಅವನು ಅದನ್ನು ಅಲ್ಲೇ ಕೆಡವಿ ಓಡಿ ಬಂದ. ಹತ್ತಿರ ಬಂದು, ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತ. ಗಾಳಿ ಪೂರಾ ಹೋಗಿಲ್ಲ, ಆದರೆ ದೂರ ಹೋಗಿದೆ, ಅದರ ನಡುವೆ ದನಿ ಬಂತು ಎಂದು ಹೇಳಿದ. ಒಂದು ವರ್ಷದ ಹಿಂದೆ ಇದಿದ್ದರೆ, ಎಂಬ ಮಾತು ಇಬ್ಬರ ಮನಸ್ಸಿಗೂ ಬಂತು. ಬಯಲಿನಲ್ಲಿ ನಿಂತು ಅತ್ತರು.

*

ಪ್ರೀತಿ ಬಂದಿತ್ತು. ಅದಕ್ಕೆ ಹೆಸರಿಡಲು ಹೀರಾಬಾಯಿಗೆ ಹೆದರಿಕೆ.

ದೀಪಾವಳಿ ಮುಗಿದ ಮೇಲೆ ಚಿಂಚೋಳಿಗೆ ವರ್ಗವಾಗಿದೆ ಎಂದು ಹೇಳಲು ದೇವೀಂದ್ರಪ್ಪ ಬಂದ. ಮಾಣಿಕಪ್ಪನ ಎದುರು ನೆಲ ನೋಡುತ್ತ, ನಿಮ್ಮ ಮಗಳನ್ನು ಕೊಡುತ್ತೀರಾ ಎಂದು ಕೇಳಿದ. ಇಬ್ಬರೂ ಒಂದೇ ಕುಲದವರು, ಅಡ್ಡಿಯಿರಲಿಲ್ಲ. ಮಗಳು ಹೂಂ ಅಂದರೆ ನಂದೂ ಹೂಂ ಎಂದ ತಂದೆ.

ಒಳಗಿನಿಂದ ಹೀರಾಬಾಯಿ ಬಂದಳು.

"ನಿಮ್ಮ ಮ್ಯಾಲ ಸಿಟ್ಟಿಲ್ರಿ. ಆದ್ರ ನಾ ಸುಖದಿಂದ ಇದ್ರ… ಅಕ್ಕ ಸತ್ತದ್ದೇ ನಮ್ಮ ಲಗ್ನಕ್ಕ ದಾರಿ ಆದಂಗ ಆಗ್ತದ. ನನ್ನ ಕೈಲೆ ಆಗೂದಿಲ್ಲ."

ಅವನು ತಲೆಯಾಡಿಸಿದ. ಎದ್ದು, ರುಮಾಲು ಕಟ್ಟಿಕೊಂಡು ಹೋದ. ಅವಳು ಒಲೆಯ ಮುಂದೆ ಕೂತು ರೊಟ್ಟಿ ಸುಡುವುದನ್ನು ನೋಡುತ್ತಲೇ ಇದ್ದಳು, ತಿರುವಿ ಹಾಕಲಿಲ್ಲ.

ಚಳಿಗಾಲ ಉದ್ದವಾಗಿತ್ತು. ದಾರಿಯಲ್ಲಿ ಸೈಕಲ್ ಗಂಟೆ ಕೇಳಿದರೆ ಕೈ ನಿಲ್ಲುತ್ತಿತ್ತು. ಅವನಲ್ಲ… ಅವನು ಯಾಕೆ ಬರುತ್ತಾನೆ? ನಾನೇ ಕಳಿಸಿದೆನಲ್ಲ.

ಒಂದು ದಿನ ಮಾಣಿಕಪ್ಪ ಕಾಳಗಿಯ ಸಂತೆಯಿಂದ ಬಂದವನು ಊಟಕ್ಕೆ ಕೂತು, ಸಂತೆಯಲ್ಲಿ ಕೇಳಿದ ಸುದ್ದಿ ಹೇಳಿದ. ಚಿಂಚೋಳಿಯ ಕಡೆ ದೇವೀಂದ್ರಪ್ಪ ಗಾಳಿಯಲ್ಲಿ ಹೋಗುವಾಗ ಹೊಲದೊಳಗಿನ ಕೂಗು ಕೇಳಿ ಇಳಿದನಂತೆ. ಒಬ್ಬ ಮುದುಕನಿಗೆ ಹಾವು ಕಡಿದಿತ್ತು. ತನಗೆ ತಿಳಿದದ್ದನ್ನೆಲ್ಲ ಮಾಡಿದನಂತೆ, ಹೆಗಲ ಮೇಲೆ ಹೊತ್ತನಂತೆ.

"ಉಳಿದನೇನಪ್ಪಾ?" ಎಂದಳು ಹೀರಾ.

"ಇಲ್ಲವ್ವ. ಇವನ ತೊಡಿ ಮ್ಯಾಲೆ ಹೋದ." ಮಾಣಿಕಪ್ಪ ನೀರು ಕುಡಿದು ಚರಿಗೆ ಕೆಳಗಿಟ್ಟ. "ಕೇಳಿಸಿದ್ರೂ ಎಲ್ಲಾರೂ ಉಳೀತಾರಂತ ಇಲ್ಲ, ಹೀರಾ. ನಿಮ್ಮಕ್ಕಂದು ಸುರುವಿಗೇ ಕೈ ಮೀರಿತ್ತು. ಸೂಲಗಿತ್ತಿ ಅವತ್ತೇ ನನ್ನ ಕಿವಿಯಾಗ ಹೇಳಿದ್ಲು. ನಿಂಗ ಹೆಂಗ ಹೇಳಲಿ ಅಂತ ಸುಮ್ಮನಿದ್ದೆ. ಸಿಟ್ಟು ಇದ್ರ ನೀ ಎದ್ದು ತಿರುಗ್ಯಾಡ್ತಿದ್ದಿ. ಸಿಟ್ಟು ಹೋದ್ರ ಮಲಗಿ ಬಿಡ್ತಿ ಅಂತ ಅಂಜಿದ್ದೆ."

ಹೀರಾಬಾಯಿ ಅಪ್ಪನನ್ನು ನೋಡಿದಳು. ಗಾಲಿಗೆ ಹೆಗಲು ಕೊಟ್ಟು ಕೆಸರಲ್ಲಿ ನಿಂತಿದ್ದ ಈ ಮುದುಕ, ಮಗಳು ಉಳಿಯುವುದಿಲ್ಲವೆಂದು ತಿಳಿದೂ ನೂಕುತ್ತಿದ್ದನೇ? ಅವನ ತಟ್ಟೆಯ ಮುಂದೆಯೇ ಕುಸಿದು, ಅಕ್ಕ ಸತ್ತ ದಿನ ಅಳದಷ್ಟು ಅತ್ತಳು. ಅವನು ಎಂಜಲು ಕೈಯಲ್ಲೇ ಅವಳ ತಲೆ ಸವರಿದ.

*

ಚಿಂಚೋಳಿಯಲ್ಲಿ ಬಸ್ಸಿಳಿದಾಗ ಹೊತ್ತು ಏರಿತ್ತು. ಮಾಣಿಕಪ್ಪ ಚಹಾದ ಅಂಗಡಿಯ ಬೆಂಚಿನ ಮೇಲೆ ಕೂತು, ಹೋಗಿ ಬಾ, ನನಗೆ ಕಾಲು ನೋವು ಎಂದ. ಅವನಿಗೆ ಕಾಲು ನೋವಿರಲಿಲ್ಲ.

ಕೇಳಿಕೊಂಡು ಹೋದಳು. ಓಣಿಯ ಕೊನೆಗೆ ಒಂದೇ ಕೋಣೆಯ ಮನೆ. ಬಾಗಿಲು ತೆರೆದಿತ್ತು. ದೇವೀಂದ್ರಪ್ಪ ಒಲೆಯ ಮುಂದೆ ಕೂತು, ಹೊಗೆಗೆ ಕಣ್ಣು ಕಿರಿದು ಮಾಡಿ ಬೇಳೆ ತಿರುವುತ್ತಿದ್ದ. ಬಡವಾಗಿದ್ದ. ಕಿವಿಯ ಮೇಲೆ ಒಂದೆರಡು ಕೂದಲು ಬೆಳ್ಳಗಾಗಿದ್ದವು.

ಬಾಗಿಲಲ್ಲಿ ನೆರಳು ಬಿದ್ದಾಗ ತಲೆ ಎತ್ತಿದ. ಕೈಯಲ್ಲಿದ್ದ ಸೌಟು ಹಾಗೇ ನಿಂತಿತು.

ಅವಳು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು. ಒಂದೂ ನೆನಪಾಗಲಿಲ್ಲ.

"ನಾ ಬ್ಯಾಡ ಅಂದಿದ್ದೆ," ಎಂದಳು. "ಈಗ ಬಂದೀನಿ."

"ಹೂಂ," ಎಂದ ಅವನು.

"ನನ್ನ ಕೂಡ ನಗೂದು ಕಡಿಮಿ ಇರ್ತದ್ರಿ. ಒಮ್ಮೊಮ್ಮಿ ಸುಮ್ಮನ ಕುಂತು ಬಿಡ್ತೀನಿ. ಅಕ್ಕ ನೆನಪಾಗ್ತಾಳ, ಚಾಂದ್ ನೆನಪಾಗ್ತದ. ಅವರನ್ನ ಭಂಕೂರದಾಗ ಬಿಟ್ಟು ಬರ್ಬೇಕಂದ್ರ… ಆಗಲಿಲ್ಲ."

ದೇವೀಂದ್ರಪ್ಪ ಸೌಟು ಕೆಳಗಿಟ್ಟ. ಎದ್ದು ಬಂದ. ಹೊಸ್ತಿಲ ಮೇಲಿದ್ದ ನೀರಿನ ಕೊಡವನ್ನು ಪಕ್ಕಕ್ಕೆ ಸರಿಸಿ, ದಾರಿ ಬಿಟ್ಟು ನಿಂತ. ಅವನ ಕಣ್ಣು ತುಂಬಿತ್ತು, ಹೊಗೆಗೋ ಏನೋ.

"ಬಿಸಿಲಾಗ ಯಾಕ ನಿಂತೀರಿ ಎಲ್ಲಾರೂ," ಎಂದ. "ಒಳಗ ಬರ್ರಿ."